ಬಸಂತರಾಯನಿಗೆ ಬರ್ರಿ ಅಂದವನು

ರಕ್ತ ಕುಡಿಯುವವನನ್ನು ನಮ್ಮ ಮನೆಯೊಳಗೆ ಕರೆದವನು ನಾನೇ. ಅದಕ್ಕೆ ಬೇರೆ ಯಾರನ್ನೂ ಬೈಯುವ ಹಾಗಿಲ್ಲ.

ಎರಡು ಸಾವಿರದ ಎರಡನೇ ಇಸವಿಯ ಫೆಬ್ರುವರಿ. ದೀಪ ಹಚ್ಚುವ ಹೊತ್ತು. ಲಕ್ಷ್ಮಿ ಬರುವ ಹೊತ್ತು ಅಂತ ಆಗ ಬಸವನ ಬಾಗೇವಾಡಿಯಲ್ಲಿ ಯಾರೂ ಮುಂಬಾಗಿಲು ಮುಚ್ಚುವುದಿಲ್ಲ. ನಾನು ಅಲ್ಲಿನ ಬಸ್ ನಿಲ್ದಾಣದಲ್ಲಿ ಕಂಟ್ರೋಲರ್. ಇಡೀ ದಿನ ಮೈಕಿನಲ್ಲಿ ಇಂಡಿ, ಸಿಂದಗಿ, ಮುದ್ದೇಬಿಹಾಳ ಎಂದು ಕೂಗಿ ಗಂಟಲು ಒಣಗಿಸಿಕೊಂಡು ಬಂದು, ಪಡಸಾಲೆಯಲ್ಲಿ ಚುರುಮುರಿ ತಿನ್ನುತ್ತ ಕೂತಿದ್ದೆ. ಬಾಗಿಲಲ್ಲಿ ಒಂದು ಕಪ್ಪು ಛತ್ರಿ ಬಂದು ನಿಂತಿತು. ಮಳೆ ಇಲ್ಲ, ಬಿಸಿಲೂ ಇಲ್ಲ, ಛತ್ರಿ ಮಾತ್ರ ಇದೆ. ಅದರ ಕೆಳಗಿನಿಂದ ಒಂದು ದನಿ.

"ಲ್ಯಾಬ್ ಬಾಯಾರ ಮನಿ ಇದs ಏನ್ರಿ?"

ನಾನು ತಲೆ ಎತ್ತಲಿಲ್ಲ. "ಹೌದ್ರಿ. ಬರ್ರಿ, ಬರ್ರಿ, ಒಳಗ ಬರ್ರಿ. ಚಾ ಕುಡಿಯೂಣು."

ಯಾರು, ಯಾವ ಊರು, ಹಲ್ಲು ಎಷ್ಟುದ್ದ, ಒಂದನ್ನೂ ಕೇಳಲಿಲ್ಲ. ನಮ್ಮ ಕಡೆಯ ಬಾಯಿಯೇ ಹಾಗೆ. ವಿಮೆ ಏಜೆಂಟನಿಗೂ ಬರ್ರಿ, ಓಟು ಕೇಳುವವನಿಗೂ ಬರ್ರಿ, ಹೋದ ಸಲ ಓಟು ಕೇಳಿ ಹೋಗಿ ಐದು ವರ್ಷ ಮುಖ ತೋರಿಸದವನಿಗೂ ಬರ್ರಿ. ಬೇರೆ ಸೀಮೆಗಳಲ್ಲಿ ಇಂಥವರು ಕರೆಯದೆ ಹೊಸ್ತಿಲು ದಾಟಲಾರದೆ ವರ್ಷಗಟ್ಟಲೆ ಹೊರಗೇ ನಿಂತು ಬಡಕಲಾಗುತ್ತಾರಂತೆ. ನಮ್ಮ ನಾಲ್ಕು ತಾಲೂಕಿನಲ್ಲಿ ಅವರಿಗೆ ಆ ತೊಂದರೆ ಬಂದೇ ಇಲ್ಲ.

ಛತ್ರಿ ಮಡಚಿ ಒಳಗೆ ಬಂದ. ಆಮೇಲೆ ತಲೆ ಎತ್ತಿದೆ, ಎತ್ತಿ ಪಶ್ಚಾತ್ತಾಪಪಟ್ಟೆ. ಇಪ್ಪತ್ತೆಂಟರ ಮುಖ, ಗಿರಿಜಾ ಮೀಸೆ, ಹಾಲಿನ ಕೆನೆಯಂಥ ಬಣ್ಣ, ತಲೆಗೆ ರೇಷ್ಮೆ ಪಟಗಾ. ಕೂತರೆ ನಮ್ಮ ಪ್ಲಾಸ್ಟಿಕ್ ಕುರ್ಚಿ ಸಿಂಹಾಸನದ ಹಾಗೆ ಕಂಡಿತು. ಐದು ವರ್ಷದಿಂದ ನಾನೂ ಅದರ ಮೇಲೆ ಕೂರುತ್ತಿದ್ದೇನೆ, ಅದು ಕುರ್ಚಿಯಾಗಿಯೇ ಇದೆ.

"ನನ್ನ ಹೆಸರ ಬಸಂತರಾಯ ಅಂತ್ರಿ," ಅಂದ.

ಒಳಗಿನಿಂದ ನನ್ನ ಹೆಂಡತಿ ಭುವನೇಶ್ವರಿ ಕೈ ಒರೆಸುತ್ತ ಬಂದಳು. ಅವಳ ಮುಖ ನೋಡಿದೆ. ಸಂಬಳ ಒಂದನೇ ತಾರೀಖಿಗೇ ಬಂದಾಗಲೂ ಆ ಮುಖ ಅಷ್ಟು ಅರಳಿದ್ದಿಲ್ಲ.

ಭುವನೇಶ್ವರಿ ಪೇಟೆಯ ಒಂದು ಖಾಸಗಿ ಲ್ಯಾಬಿನಲ್ಲಿ ರಕ್ತ ತಪಾಸಣೆ ಮಾಡುತ್ತಾಳೆ. ಮೂರು ದಿನದ ಹಿಂದೆ ಇವನು ನಿಶ್ಶಕ್ತಿ ಎಂದು ಅಲ್ಲಿಗೆ ಹೋಗಿದ್ದ. ಇವಳು ಬೆರಳು ಚುಚ್ಚಿ ಒಂದು ಹನಿ ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿ, ಹತ್ತು ನಿಮಿಷ ಕಣ್ಣು ಎತ್ತಿರಲಿಲ್ಲವಂತೆ. ಆಮೇಲೆ ಅವನು ನಿಜ ಹೇಳಿದನಂತೆ. ಆದಿಲಶಾಹಿ ದರಬಾರಿನ ಹಕೀಮರ ಕೈಕೆಳಗೆ ರೋಗಿಗಳಿಗೆ ಜಿಗಣೆ ಹಚ್ಚುವ ಕೆಲಸದಲ್ಲಿದ್ದವನು. ಒಂದು ಸಂಜೆ ಬಾಗಿಲಿಗೆ ಬಂದ ಅಪರಿಚಿತ ಹೆಂಗಸಿಗೆ ಇವನೂ ಬರ್ರಿ ಅಂದಿದ್ದ. ಅವಳು ಬಂದಳು, ಕಚ್ಚಿದಳು. ಅಂದಿನಿಂದ ಮುನ್ನೂರ ಇಪ್ಪತ್ತು ವರ್ಷ, ಇವನಿಗೆ ವಯಸ್ಸು ಏರಿಲ್ಲ, ಬಿಸಿಲು ತಡೆದಿಲ್ಲ.

"ನಿನಗ ಅಂಜಿಕಿ ಬರಲಿಲ್ಲೇನು?" ಎಂದು ಆ ರಾತ್ರಿ ಊಟಕ್ಕೆ ಕೂತಾಗ ಕೇಳಿದೆ.

"ಅಂಜಿಕಿ ಯಾಕ್ರಿ? ದಿನಾ ಊರ ಮಂದಿ ತಪಾಸಣಿಗೆ ತಂದ ಡಬ್ಬಿ ಮುಚ್ಚಳ ತಗಿಯಾಕಿ ನಾ. ಇವರೇನು, ಸ್ವಚ್ಛ ಮನಷ್ಯಾ. ಕಚ್ಚೂದು ಬಿಟ್ಟು ಇಪ್ಪತ್ತ ವರ್ಷ ಆತಂತ."

ತಂಬಾಕು ಬಿಟ್ಟವರ ಬಗ್ಗೆ ಮಾತಾಡುವ ಹಾಗೆ ಮಾತಾಡಿದಳು. ತಪಾಸಣೆ ಮುಗಿದು ಚೆಲ್ಲಬೇಕಾದ ರಕ್ತದ ನಳಿಕೆಗಳನ್ನು ಇನ್ನು ಮುಂದೆ ಇವನಿಗೆ ಕೊಡುವುದೆಂದು ತೀರ್ಮಾನವಾಯಿತು. ಯಾರ ತೀರ್ಮಾನ? ಅವರಿಬ್ಬರದು. ನಾನು ಚುರುಮುರಿಯವನು.

ಅಂದಿನಿಂದ ದಿನಾ ಸಂಜೆ ಆರೂ ಐವತ್ತಕ್ಕೆ ಛತ್ರಿ ಹಾಜರು. ಚಹದ ಕಪ್ಪು ಕೈಯಲ್ಲಿ ಹಿಡಿದಿರುತ್ತಾನೆ, ಕುಡಿಯುವುದಿಲ್ಲ, ಬಿಸಿಗೆ ಅಷ್ಟೆ. ಭುವನೇಶ್ವರಿ ಸ್ಟೀಲ್ ಡಬ್ಬಿ ತೆರೆದು ಒಂದು ನಳಿಕೆ ಕೊಡುತ್ತಾಳೆ. ಅವನು ನಾಲಿಗೆ ತುದಿಗೆ ಒಂದು ಹನಿ ಹಚ್ಚಿ ಕಣ್ಣು ಮುಚ್ಚುತ್ತಾನೆ.

"ಮುದ್ದೇಬಿಹಾಳ ಕಡಿ ಹೆಣ್ಮಗಳು. ನಲವತ್ತರ ಮ್ಯಾಲ ವಯಸ್ಸು. ಸಕ್ಕರಿ ಸುರು ಆಗೇತಿ, ಆಕಿಗಿನ್ನೂ ಗೊತ್ತಿಲ್ಲ."

ಇವಳು ಚೀಟಿ ನೋಡಿ ಕುಣಿದುಬಿಡುತ್ತಾಳೆ. "ನೂರಾ ತೊಂಬತ್ತೆರಡು! ರೀ, ಕೇಳಿದ್ರೇನು? ಬರೇ ನಾಲಿಗಿ ಮ್ಯಾಲ!"

ಕೇಳಿದೆ. ಮದುವೆಯಾಗಿ ಐದು ವರ್ಷವಾಯಿತು. ನನ್ನ ರಕ್ತವನ್ನೂ ಒಮ್ಮೆ ಅವಳು ಪರೀಕ್ಷೆ ಮಾಡಿದ್ದಳು. ನನ್ನ ಬಗ್ಗೆ ಅವಳು ಲಿಖಿತವಾಗಿ ಕೊಟ್ಟ ಏಕೈಕ ಅಭಿಪ್ರಾಯ ಆ ಚೀಟಿಯಲ್ಲಿದೆ: ನಾರ್ಮಲ್. ನನ್ನ ರಕ್ತದ ಗುಂಪು ಬಿ ಪಾಸಿಟಿವ್. ಆ ಫೆಬ್ರುವರಿಯಿಂದ ಸ್ವಭಾವ ಮಾತ್ರ ಬಿ ನೆಗೆಟಿವ್.

ಒಂದು ದಿನ ತಡೆಯಲಾಗದೆ ಬೆರಳು ಮುಂದೆ ಚಾಚಿದೆ. "ನಂದೂ ಒಂದೀಟ ನೋಡ್ರಿ."

ಅವನು ಬೆರಳ ಹತ್ತಿರ ಮೂಗು ತಂದ, ಹಿಂದೆ ಸರಿದ. "ಇಂಡಿ ಕಡೆಯವ್ರೇನ್ರಿ?"

"ಹೌದ್ರಿ, ತಾಂಬಾ."

"ಅದಕ್ಕs. ಲಿಂಬಿ ತೋಟದ ಸೀಮಿ, ಹುಳಿ ಭಾಳ ಐತಿ. ತಪ್ಪ ತಿಳೀಬ್ಯಾಡ್ರಿ ಕಂಟ್ರೋಲರ್ ಸಾಹೇಬ್ರ, ನನಗ ಆಗಂಗಿಲ್ಲ."

ಕಚ್ಚಿದ್ದರೂ ಇಷ್ಟು ನೋವಾಗುತ್ತಿರಲಿಲ್ಲ. ಕಚ್ಚುವವನು ಕಚ್ಚಲಿಲ್ಲ, ನನಗೆ ಕಿಚ್ಚು ಬಿಡಲಿಲ್ಲ.

ಇನ್ನೊಂದು ಸಂಕಟ ಕನ್ನಡಿಯದು. ಇಂಥವರು ಕನ್ನಡಿಯಲ್ಲಿ ಕಾಣುವುದಿಲ್ಲ. ಹಾಗಾಗಿ ಹೊರಡುವಾಗ ಅವನು ಪಟಗಾ ಮುಟ್ಟಿಕೊಂಡು "ಬಾಯಾರ, ಸರಿ ಐತೇನ್ರಿ?" ಎಂದು ಕೇಳುತ್ತಾನೆ. ಇವಳು ತಲೆ ಓರೆ ಮಾಡಿ ನೋಡಿ "ಎಡಕ ಒಂದೀಟ ವಾಲೇತ್ರಿ" ಅನ್ನುತ್ತಾಳೆ. ನನಗೆ ಮನೆಯಲ್ಲಿ ಕನ್ನಡಿ ಇದೆ, ಆದ್ದರಿಂದ ನನ್ನನ್ನು ನೋಡುವವರಿಲ್ಲ. ಒಂದು ಸಂಜೆ ಕನ್ನಡಿಯನ್ನು ಬೀರುವಿನ ಹಿಂದೆ ಬಚ್ಚಿಟ್ಟು, ಅಂಗಿಯ ಗುಂಡಿ ಮೇಲೆ ಕೆಳಗೆ ಹಾಕಿಕೊಂಡು ಅವಳೆದುರು ನಿಂತೆ. "ಕನ್ನಡಿ ಎಲ್ಲಿ ಹೋತು?" ಎಂದು ಹುಡುಕಿ ತಂದು ನನ್ನ ಕೈಗೆ ಕೊಟ್ಟು ಒಳಗೆ ಹೋದಳು.

ಇಂಥವರಿಗೆ ಆಗುವುದಿಲ್ಲವಂತೆ ಎಂದು ಬೆಳ್ಳುಳ್ಳಿಯನ್ನೂ ಪ್ರಯೋಗಿಸಿ ನೋಡಿದೆ. ರೊಟ್ಟಿಯ ಜೊತೆ ಬಳ್ಳೊಳ್ಳಿ ಖಾರ ಕುಟ್ಟಿಸಿ ಅವನ ಮುಂದೆ ಇಟ್ಟೆ. ಅವನು ತಟ್ಟೆಯ ಮೇಲೆ ಬಾಗಿ ಮೂಸಿ ಕಣ್ಣಲ್ಲಿ ನೀರು ತಂದುಕೊಂಡ. ನಾನು ಎದ್ದು ನಿಂತೆ, ಸುಟ್ಟುಹೋಗುತ್ತಾನೇನೋ ಎಂದು. "ನಮ್ಮವ್ವ ಹಿಂಗs ಕುಟ್ಟತಿದ್ಲು" ಅಂದ. ಈ ಸೀಮೆಯಲ್ಲಿ ಹುಟ್ಟಿದವನಿಗೆ ಬೆಳ್ಳುಳ್ಳಿ ಹೇಗೆ ಬಾಧಿಸೀತು? ಭುವನೇಶ್ವರಿ ಸೆರಗಿನಿಂದ ತನ್ನ ಕಣ್ಣೊರೆಸಿಕೊಂಡಳು. ಅವ್ವ ಎಂಬ ಶಬ್ದ ಬಂದರೆ ಅವಳು ಹಾಗೆಯೇ.

ಅವಳ ತಾಯಿ ಸಾವಂತ್ರವ್ವ ಹೆರಿಗೆಗೆಂದು ಕೊಲ್ಹಾರದ ತವರಿಗೆ ಬಂದು ಇವಳನ್ನು ಹೆತ್ತು, ಇವಳನ್ನು ತೊಟ್ಟಿಲಿಗೆ ಹಾಕಿದ ಮಾರನೇ ದಿನ ತೀರಿಕೊಂಡಳು. ಎಪ್ಪತ್ನಾಲ್ಕನೇ ಇಸವಿ. ಮನೆಯಲ್ಲಿ ಒಂದು ಫೋಟೋ ಕೂಡ ಇಲ್ಲ. ಇವಳನ್ನು ಸಾಕಿದವಳು ಅಜ್ಜಿ ಲಕ್ಕವ್ವ. ನಮ್ಮ ಮದುವೆಯ ಹಂದರದಲ್ಲಿ ಆ ಲಕ್ಕವ್ವ ನನ್ನ ಕೈ ಹಿಡಿದು ಒಂದು ಕತೆ ಹೇಳಿದ್ದಳು.

"ನಾ ಆಗ ಕಾಲ ಮುರದು ಹಾಸಗಿ ಹಿಡದಿದ್ದೆ ಯಪ್ಪಾ. ಬಾಣಂತಿ ನೋಡವ್ರಿಲ್ಲ. ಎಲ್ಲಿಂದೋ ಗಂಡ ಹೇಣ್ತಿ ಇಬ್ಬರು ಬಂದ್ರು, ಪರವೂರವ್ರು. ಆಕಿ ಹದಿನಾಲ್ಕ ದಿನ ನನ್ನ ಮಗಳ ಬಾಣಂತನ ಮಾಡಿದ್ಲು, ಕೂಸಿಗೆ ಎರದ್ಲು. ಗಂಡ ಅಂಗಳದಾಗ ಕರೀ ಛತ್ರಿ ಹಿಡಕೊಂಡು ನಿಂತಿರ್ತಿದ್ದ. ಛತ್ರಿ ಒಂದ ಕಡ್ಡಿಗೆ ಕೆಂಪ ದಾರ ಸುತ್ತಿತ್ತು, ಈಗೂ ಕಣ್ಣಾಗ ಐತಿ. ಏನ ಜೋಡಿ ಅಂತಿ! ಎರದಾಕಿ ಕಳಾನs ಬಂದೈತಿ ನೋಡು ನಿನ್ನ ಹೇಣ್ತಿ ಮಾರಿಗೆ. ಎಲ್ಲಿಂದ ಬಂದ್ರೋ, ಎಲ್ಲಿಗೆ ಹೋದ್ರೋ."

ಆ ಜೋಡಿಗೆ ನಾನು ಮನಸ್ಸಿನಲ್ಲೇ ಕೈ ಮುಗಿದಿದ್ದೆ. ಕೊಲ್ಹಾರದ ಹಳೇ ಊರಿಗೆ ಅಣೆಕಟ್ಟಿನ ಹಿನ್ನೀರು ಬಂದು, ಜನ ಮೇಲಿನ ಹೊಸ ಊರಿಗೆ ಹೋದ ವರ್ಷವೇ ಲಕ್ಕವ್ವ ತೀರಿಕೊಂಡಳು. ಹೊಸ ಮನೆಯ ಸಿಮೆಂಟ್ ಕಟ್ಟೆ ಅವಳಿಗೆ ಹಿಡಿಸಲಿಲ್ಲ.

ಇತ್ತ ನಿಲ್ದಾಣದಲ್ಲಿ ಸುದ್ದಿ ಹಬ್ಬಿತು. ಸಿಂದಗಿ ಗಾಡಿಯ ಡ್ರೈವರ್ ಅಮೀನುದ್ದೀನ ಕಿಟಕಿಯಲ್ಲಿ ತಲೆ ಹಾಕಿದ.

"ಏನ್ರಿ ಕಂಟ್ರೋಲರ್ ಸಾಹೇಬ್ರ, ಇಡೀ ಸ್ಟ್ಯಾಂಡಿನಾಗ ಒಂದ ಗಾಡಿ ಟೈಮಿಗೆ ಬರಂಗಿಲ್ಲ, ನಿಮ್ಮ ಮನಿಗೆ ಮಾತ್ರ ಆರೂ ಐವತ್ತರದು ಕರೆಕ್ಟ್ ಬರ್ತೈತಂತ?"

"ಅಂವ ನಮ್ಮ ಮನಿಯಾಕಿ ಪೇಶಂಟ್‌ಪಾ."

"ಹೌದೇನು? ಮತ್ತ ನೀವ್ಯಾಕ ಸೊರಗಾಕತ್ತೀರಿ?"

ಅದೇ ಸಂಜೆ ಬಸಂತರಾಯನನ್ನು ಉಪಾಯವಾಗಿ ಕೇಳಿದೆ. "ನಿಮ್ಮಂಥವ್ರಿಗೆ ಇನ್ನ ಬರಬ್ಯಾಡ್ರಿ ಅಂತ ಹೇಳೂದು ಹ್ಯಾಂಗ? ಸುಮ್ನ ಕೇಳಾಕತ್ತೇನಿ, ಜನರಲ್ ನಾಲೆಜ್."

ಅವನು ನಕ್ಕ. ಹಲ್ಲು ಕಂಡವು. "ಭಾಳ ಸರಳ ಐತ್ರಿ. ನಾ ಹೊರಟಾಗ ಮನಿ ಯಜಮಾನ ಬರೇ 'ಹೋಗು' ಅಂದ್ರ ಸಾಕು. ಆ ಹೊಸ್ತಿಲಾ ನನಗ ಕಾಯಂ ಮುಚ್ಚಿತು. ಆದ್ರ ಮುನ್ನೂರಾ ಇಪ್ಪತ್ತ ವರ್ಷದಾಗ ಈ ಸೀಮ್ಯಾಗ ಒಬ್ಬರೂ ಅಂದಿಲ್ಲ. ಬೈದಾರ, ಕಲ್ಲ ಒಗದಾರ, ಕಡೀಕ ಬಾಗಲದಾಗ ನಿಂತು 'ಹೋಗಿ ಬರ್ರಿ' ಅಂದಾರ."

ಅವನು ಹೇಳಿದ್ದು ಖರೆ. ನಮ್ಮಲ್ಲಿ ಹೊರಟವನು 'ಬರ್ತೇನಿ' ಅನ್ನಬೇಕು, ಕಳಿಸುವವನು 'ಹೋಗಿ ಬಾ' ಅನ್ನಬೇಕು. ಬಾ ಇಲ್ಲದ ಹೋಗು ಹೆಗಲ ಮೇಲೆ ಹೋಗುವವರಿಗೆ ಮಾತ್ರ.

ಅಭ್ಯಾಸ ಮಾಡಿದೆ. ಮಧ್ಯಾಹ್ನ ನಿಲ್ದಾಣ ಖಾಲಿ ಇದ್ದಾಗ ನನ್ನ ಕೋಣೆಯಲ್ಲಿ ಗೋಡೆ ನೋಡುತ್ತ "ಹೋಗು, ಹೋಗು, ಹೋಗು" ಅಂದೆ. ಮೈಕು ಬಂದ್ ಮಾಡಿರಲಿಲ್ಲ. ಅಮೀನುದ್ದೀನ ಗಾಬರಿಯಾಗಿ ಮೂವತ್ತು ಪ್ಯಾಸೆಂಜರ್‌ಗಳನ್ನು ಪ್ಲಾಟ್‌ಫಾರ್ಮಿನ ಮೇಲೆ ಬಿಟ್ಟು ಖಾಲಿ ಗಾಡಿ ಸಿಂದಗಿಗೆ ಒಯ್ದ.

ಸಂಜೆ ಹೊಸ್ತಿಲ ಮೇಲೆ ನಿಂತು ಎದೆ ಗಟ್ಟಿ ಮಾಡಿಕೊಂಡೆ. ಬಸಂತರಾಯ "ಬರ್ತೇನ್ರಿ" ಅಂದ. ನಾನು "ಹೋ..." ಅಂದೆ. ಭುವನೇಶ್ವರಿ ಒಳಗಿನಿಂದ ನೋಡಿದಳು. "...ಗಿ ಬರ್ರಿ" ಅಂದುಬಿಟ್ಟೆ. ಬಾಯಿ ನನ್ನದೇ, ಆದರೆ ಅದನ್ನು ರೂಢಿ ಮಾಡಿಸಿದವರು ನನ್ನವ್ವ, ಅವರವ್ವ, ಅವರವ್ವನ ಅವ್ವ.

ಆ ಸೋಲಿನ ಸಿಟ್ಟಿಗೆ ಮರುದಿನ ಅವನ ಛತ್ರಿಯ ಮೇಲೆ ಕೂತೆ. ತಪ್ಪಿ ಅಲ್ಲ. ಒಂದು ಕಡ್ಡಿ ಲಟಕ್ಕೆಂದು ಮುರಿಯಿತು.

"ಕಣ್ಣ ಇಲ್ಲೇನ್ರಿ ನಿಮಗ?" ಎಂದು ಭುವನೇಶ್ವರಿ ರೇಗಿದಳು. "ಅವರಿಗೆ ಸಂಜಿ ಬೆಳಕೂ ಹತ್ತತೈತಿ. ಈಗಿಂದೀಗ ಸರಿ ಮಾಡಿ ಕೊಡ್ರಿ."

ಮುರಿದವನೇ ಕಟ್ಟಬೇಕಾಯಿತು. ಮನೆಯಲ್ಲಿ ಬೇರೇನೂ ಸಿಗದೆ, ಆಫೀಸಿನ ಹಳೇ ಫೈಲಿಗೆ ಕಟ್ಟಿದ್ದ ಕೆಂಪು ದಾರ ಬಿಚ್ಚಿ, ಕಡ್ಡಿ ಜೋಡಿಸಿ ಬಿಗಿಯಾಗಿ ಸುತ್ತಿ ಮೂರು ಗಂಟು ಹಾಕಿದೆ. ಸರಕಾರಿ ಗಂಟು, ಸುಲಭಕ್ಕೆ ಬಿಚ್ಚುವುದಿಲ್ಲ. ಸುತ್ತುವಾಗ ನನ್ನ ತಲೆಯಲ್ಲಿ ಹೊಟ್ಟೆಕಿಚ್ಚು ಬಿಟ್ಟು ಬೇರೆ ವಿಚಾರ ಇರಲಿಲ್ಲ.

ಮೇ ತಿಂಗಳು ಬಂತು. ಬಿಸಿಲಿಗೆ ಬದುಕಿದ್ದ ನಾವೇ ಸುಟ್ಟುಹೋಗುತ್ತಿದ್ದೆವು. ಒಂದು ಬೆಳಿಗ್ಗೆ ಭುವನೇಶ್ವರಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಹೇಳಿದಳು.

"ರೀ, ಕೊಲ್ಹಾರದ ಹಿನ್ನೀರು ಇಳದೈತಂತ. ಹಳೇ ಊರ ಅಗಸಿ ಬಾಗಲಾ ಹೊರಗ ಬಿದ್ದೈತಿ."

"ಬೀಳಲಿ ಬಿಡು."

"ಬಸಂತರಾಯರು ಹೋದ ಬ್ಯಾಸಿಗ್ಯಾಗ ಅದರಾಗಿಂದs ಬಂದವ್ರು. ಆ ಬಾಗಲಾ ಅವರಿಗೆ ಬರೇ ಬಾಗಲಾ ಅಲ್ರಿ. ಅದು ಕಟ್ಟಿದಾಗಿಂದ ಯಾವ ವರ್ಷ ಬೇಕೋ ಆ ವರ್ಷಕ್ಕ ದಾಟತಾರ. ಈ ಮಳಿಗಾಲದಿಂದ ನೀರು ಇನ್ನೂ ಎತ್ತರ ನಿಲ್ಲಸ್ತಾರಂತ, ಮತ್ತ ಅಗಸಿ ಕಾಣಂಗಿಲ್ಲ." ಹಿಟ್ಟಿನ ಕೈಯನ್ನೇ ನೋಡುತ್ತ ಅಂದಳು, "ನಾ ಅವರ ಜೋಡಿ ಹೋಗಿ ಬರ್ತೇನಿ. ಅವ್ವನ ನೋಡಬೇಕು ನನಗ. ಗುಳಿಗಿ ಒಯ್ತೇನಿ, ಸೂಜಿ ಒಯ್ತೇನಿ. ಏನಾರ ಆದ್ರ ಆತು."

ನಾನು ಏನು ಕೇಳಬೇಕಿತ್ತು? ತಾಯಿಯ ಬಗ್ಗೆ ಕೇಳಬೇಕಿತ್ತು. ನಾನು ಕೇಳಿದ್ದು ಇದು: "ಎಷ್ಟ ದಿನಾ? ಅವನ ಜೋಡಿ?"

ಅವಳು ನನ್ನನ್ನು ನೋಡಿದ ರೀತಿಗೆ ನಾನು ಸೂಕ್ಷ್ಮದರ್ಶಕದ ಕೆಳಗೆ ಹೋದೆ. ಅಲ್ಲಿ ಏನು ಕಂಡಿತೋ, ಈ ಸಲ ನಾರ್ಮಲ್ ಅನ್ನಲಿಲ್ಲ.

"ಈ ಕಡಿಂದ ಒಬ್ಬರು ಕಳಸಾಕ ಬೇಕಂತ," ಅಂದಳು. "ಹೋಗಿ ಬಾ ಅನ್ನವ್ರು ಇಲ್ಲಂದ್ರ ತಿರುಗಿ ಬರೂ ಹಾದಿ ತೆರಿಯಂಗಿಲ್ಲ. ನನಗ ನೀವ ಬಿಟ್ರ ಯಾರ ಅದಾರ್ರಿ?"

ಆ ಮಾತಿಗೆ ಕರಗಬೇಕಿತ್ತು. ನಾನು ಲೆಕ್ಕ ಹಾಕಿದೆ. ಅಗಸಿಯೂ ಒಂದು ಹೊಸ್ತಿಲು. ಹೆಂಡತಿಗೆ 'ಹೋಗಿ ಬಾ', ಅವನಿಗೆ ಬರೇ 'ಹೋಗು'. ಅವಳು ಬರುತ್ತಾಳೆ, ಅವನು ಬರುವುದಿಲ್ಲ. ಬಾಗೇವಾಡಿಯ ಮನೆಬಾಗಿಲಲ್ಲಿ ಸಾಧ್ಯವಾಗದ್ದು ಕೊಲ್ಹಾರದ ಕೆಸರಲ್ಲಿ ಸಾಧ್ಯವಾಗುತ್ತದೆ, ಅಲ್ಲಿ ನೋಡುವ ನೆರೆಹೊರೆಯೂ ಇಲ್ಲ. ಬಸ್ಸಿನಲ್ಲಿ ಕೊಲ್ಹಾರದವರೆಗೂ ಆ ಒಂದು ಶಬ್ದವನ್ನು ಅಡಿಕೆಯ ಹಾಗೆ ಬಾಯಲ್ಲೇ ಇಟ್ಟುಕೊಂಡು ಕೂತೆ.

ಸೇತುವೆಯ ಈಚೆ ಇಳಿದು ಬಿರುಕು ಬಿಟ್ಟ ರಾಡಿಯ ಮೇಲೆ ಅರ್ಧ ಗಂಟೆ ನಡೆದೆವು. ಒಣಗಿದ ಮೀನಿನ ವಾಸನೆ. ಗೋಡೆಗಳ ಬುಡ, ಒಂದು ಒರಳು, ಯಾರದೋ ತುಳಸಿಕಟ್ಟೆ. ಆಚೆ ಅಗಸಿ ನಿಂತಿತ್ತು, ಎರಡು ಕಲ್ಲಿನ ಕಂಬ, ಮೇಲೆ ಕಮಾನು, ಸೊಂಟದ ಎತ್ತರದವರೆಗೆ ಹಸಿರು ಪಾಚಿ. ಹೊತ್ತು ಮುಳುಗಿದ್ದೇ ತಡ ಬಸಂತರಾಯ ಕಂಬದ ಹಿಂದಿನಿಂದ ಬಂದ.

"ಬಾಯಾರ, ಕೈ ಹಿಡೀಬೇಕಾಗ್ತೈತ್ರಿ. ಕೈ ಬಿಟ್ರ ದಾಟಾಕ ಆಗಂಗಿಲ್ಲ."

ಅವಳು ಗುಳಿಗೆಯ ಚೀಲ ಹೆಗಲಿಗೆ ಹಾಕಿ ಕೈ ಕೊಟ್ಟಳು. ನನ್ನ ಕಣ್ಣೆದುರಿಗೇ. ನನ್ನ ಕೈ ಹಿಡಿಯುವಾಗ ಹೋಮ, ಮಂತ್ರ, ನಾನೂರು ಜನರ ಊಟ ಎಲ್ಲಾ ಬೇಕಾಗಿತ್ತು.

"ಕಂಟ್ರೋಲರ್ ಸಾಹೇಬ್ರ," ಅವನು ನನ್ನ ಹತ್ತಿರ ಬಗ್ಗಿದ. "ನೀವು ಏನ ಅನ್ನಾಕ ಬಂದೀರಿ ಅಂತ ನನಗ ಗೊತ್ತೈತಿ. ಬಸ್ ಸ್ಟ್ಯಾಂಡಿನ ಮೈಕು ನನಗೂ ಕೇಳಸ್ತೈತಿ. ಒಂದ ಮಾತ ತಿಳಕೋರಿ. ಆಕಿ ಬರೂದು ನನ್ನ ಕೈ ಹಿಡಕೊಂಡ. ಈ ಹೊಸ್ತಿಲಾ ನನಗ ಮುಚ್ಚಿತಂದ್ರ ಆಕಿಗೂ ಮುಚ್ಚಿತು. ಬರೂದಾದ್ರ ಇಬ್ಬರೂ, ಇಲ್ಲಾಂದ್ರ ಇಬ್ಬರೂ ಇಲ್ಲ."

"ಹಂಗಾದ್ರ ಇದನ್ನ ಮೊದಲs ಯಾಕ ಹೇಳಲಿಲ್ಲ?"

"ನೀವ ಕೇಳಲಿಲ್ಲಲ್ರಿ. ನೀವ ಬರೇ ಬರಬ್ಯಾಡ ಅನ್ನೂದು ಹ್ಯಾಂಗ ಅಂತ ಕೇಳಿದ್ರಿ."

ಇಬ್ಬರಿಗೂ ಬೇಡ, ಅವಳನ್ನೇ ಬಿಡುವುದಿಲ್ಲ, ನಡೀ ಮನೆಗೆ ಅಂದುಬಿಡೋಣ ಅನ್ನಿಸಿತು. ಅಷ್ಟರಲ್ಲಿ ಅವನು ಛತ್ರಿ ಬಿಚ್ಚಿದ. ಪಡುವಣದ ಕೆಂಪಿನಲ್ಲಿ ಒಂದು ಕಡ್ಡಿ ನನ್ನ ಕಣ್ಣಿಗೆ ಬಿತ್ತು. ಅದಕ್ಕೆ ಸುತ್ತಿದ್ದ ಕೆಂಪು ದಾರ. ಮೂರು ಗಂಟು.

ಎರದಾಕಿ ಕಳಾನs ಬಂದೈತಿ ನೋಡು ನಿನ್ನ ಹೇಣ್ತಿ ಮಾರಿಗೆ, ಅಂದಿದ್ದಳು ಲಕ್ಕವ್ವ.

ಮೊದಲು ಬಂದದ್ದು ಕಿಚ್ಚೇ, ಸುಳ್ಳು ಹೇಳುವುದಿಲ್ಲ. ಮದುವೆಯ ಹಂದರದಲ್ಲಿ ನಾನು ಕೈ ಮುಗಿದ ಆ ಚಂದದ ಜೋಡಿ ಇವರೇ! ಆ ಅಂಗಳದಲ್ಲಿ, ಲಕ್ಕವ್ವನ ಕಣ್ಣಲ್ಲಿ, ನನ್ನ ಹೆಂಡತಿಯ ಗಂಡ ಇವನು! ಆದರೆ ಆ ಕತೆಯಲ್ಲಿ ಇನ್ನೊಂದು ವಸ್ತುವೂ ಇತ್ತು, ನಾನು ಹೊಟ್ಟೆ ಉರಿದುಕೊಂಡು ಬಿಗಿದ ದಾರ. ನಾನು ಕಾಲಿಡದ ಅಂಗಳದಲ್ಲಿ ಹದಿನಾಲ್ಕು ದಿನ ನನ್ನ ಗಂಟು ನಿಂತಿತ್ತು. ಬಾಣಂತಿಗೆ ಎರೆಯಲು, ಕೂಸನ್ನು ಕಾಲ ಮೇಲೆ ಹಾಕಿಕೊಳ್ಳಲು ಆ ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಇವಳನ್ನು ನಾನು ತಡೆದರೆ, ಆ ಕೂಸಿಗೆ ಎರೆಯುವವರು ಯಾರು? ಆ ಕೂಸು ಇವಳೇ.

ಎಲ್ಲಿಗೆ ಹೋದರೋ ಎಂಬಲ್ಲಿಗೆ ಲಕ್ಕವ್ವನ ಕತೆ ನಿಂತಿತ್ತು. ಮುಂದಿನದು ನನ್ನ ಬಾಯಲ್ಲಿತ್ತು.

ಭುವನೇಶ್ವರಿ ನನ್ನ ಕಡೆ ತಿರುಗಿದಳು. "ಬರ್ತೇನ್ರಿ."

"ಹೋಗಿ ಬಾ," ಅಂದೆ. ಮತ್ತೊಮ್ಮೆ ಅಂದೆ. "ಹೋಗಿ ಬಾ, ಭುವನಾ."

ಬಸಂತರಾಯ ಕಾದ. ಛತ್ರಿಯ ಕೆಳಗೆ ಮುಖ ಕಾಣಲಿಲ್ಲ. "ಬರ್ತೇನ್ರಿ, ಸಾಹೇಬ್ರ."

ದಿನಾ ಬಾಯಿ ತಪ್ಪಿ ಬರುತ್ತಿದ್ದ ಮಾತು. ಅಂದು ಬೇಕೆಂದು ಅನ್ನಬೇಕಾಗಿ ಬಂದಾಗ ಒಂದೊಂದು ಅಕ್ಷರವೂ ಒರಳುಕಲ್ಲಿನಷ್ಟು ಭಾರ. "ಹೋಗಿ," ಅಂದೆ. ಉಸಿರು ತಗೊಂಡೆ. "ಬರ್ರಿ. ಬಸಂತರಾಯರ, ಖಂಡಿತ ಬರ್ರಿ."

ಇಬ್ಬರೂ ಕಮಾನಿನ ಕೆಳಗೆ ಕಾಲಿಟ್ಟರು. ಆಚೆ ಬದಿಯಿಂದ ಹೊರಬರಲಿಲ್ಲ.

ನಾನು ಕೈಗಡಿಯಾರ ನೋಡುತ್ತ ನಿಂತೆ. ಹೊತ್ತು ನೋಡುವುದೇ ನನ್ನ ಕೆಲಸ. ಅವನು ಹೊತ್ತು ದಾಟುವವನು, ನಾನು ಹೊತ್ತಿ ಉರಿಯುವವನು. ಸೇತುವೆಯ ಮೇಲೆ ಬಾಗಲಕೋಟೆಯ ಬಸ್ಸು ಹೋಯಿತು. ಇನ್ನೊಂದು ಬಂತು. ಹನ್ನೊಂದನೇ ನಿಮಿಷಕ್ಕೆ ಅಗಸಿಯಿಂದ ಬಾಣಂತಿ ಕೋಣೆಯ ಅಜವಾನದ ಹೊಗೆಯ ವಾಸನೆ ಬಂತು, ಅದರ ಹಿಂದೆ ಭುವನೇಶ್ವರಿ. ಅದೇ ಸೀರೆ, ಆದರೆ ಮಾಸಿತ್ತು. ಕೈಗಳು ಒಡೆದಿದ್ದವು. ಅವಳ ಹಿಂದೆ ಛತ್ರಿ.

"ಎಷ್ಟೊತ್ತಾತ್ರಿ?" ಅಂದಳು.

"ಹನ್ನೊಂದ ನಿಮಿಷ."

"ನನಗ ಹದಿನಾಲ್ಕ ದಿನ."

ಹದಿನಾಲ್ಕು ದಿನ, ಅವನ ಜೊತೆ! ಇದೇ ನನ್ನ ತಲೆಗೆ ಮೊದಲು ಬಂದದ್ದು. ಎರಡನೆಯದು ಬಾಯಿಗೆ ಬಂತು. "ಅವ್ವ?"

"ಉಳೀಲಿಲ್ರಿ. ರಕ್ತ ನಾಲ್ಕರ ಮ್ಯಾಲ ಏರಲೇ ಇಲ್ಲ." ತುಳಸಿಕಟ್ಟೆಯ ಮೇಲೆ ಕೂತಳು. "ಆದ್ರ ಮಾರಿ ನೋಡಿದೆ. ಹಣಿ ಮ್ಯಾಲ ಇಲ್ಲಿ ಒಂದ ಮಚ್ಚಿ ಐತಿ. ನನ್ನ ನಾನs ಕಾಲ ಮ್ಯಾಲ ಹಾಕ್ಕೊಂಡು ಎರದೆ. ಭಾಳ ಅಳತಿದ್ನಿ ನಾ."

ಬಸಂತರಾಯ ದೂರದಲ್ಲೇ ನಿಂತು ಹೇಳಿದ. "ನನ್ನ ರಕ್ತ ಕೊಡ್ತೇನಿ, ಸಾವು ಬರಂಗಿಲ್ಲ, ಬಿಸಲು ಮಾತ್ರ ಬಿಡಬೇಕಾಗ್ತೈತಿ ಅಂದೆ. ಬ್ಯಾಡ ಅಣ್ಣಾ ಅಂದ್ಲು ಸಾವಂತ್ರವ್ವ. ಮುಂಜಾನೆ ಕೂಸಿನ್ನ ಎಳೀ ಬಿಸಲಾಗ ಹಿಡಕೊಂಡ ಕುಂದ್ರತೇನಿ, ಇದ್ದಷ್ಟ ದಿನ ಅದs ಬೇಕು ಅಂದ್ಲು."

ಹೊಸ ಊರಿನ ದೀಪದ ಕಡೆ ನಡೆಯುವಾಗ ಭುವನೇಶ್ವರಿ ನನ್ನ ಮುಖ ನೋಡಿ, ಸಮಾಧಾನವಾಗಲಿ ಎಂದು ಹೇಳಿದಳು. "ಅವ್ವ ಅವರಿಗೆ ಅಣ್ಣಾ ಅಂದ್ಲಲ್ರಿ. ಅಂದ್ರ ಅವರು ಇನ್ನ ನನಗ ಸೋದರಮಾವ. ಈಗಾರ ನಿಮ್ಮ ಹೊಟ್ಟಿ ತಣ್ಣಗಾತಿಲ್ಲೋ?"

ಆಗಲಿಲ್ಲ. ನಮ್ಮ ಕಡೆ ಹೆಣ್ಣಿನ ಮೇಲೆ ಮೊದಲ ಹಕ್ಕೇ ಸೋದರಮಾವನದು.

ಆಗಸ್ಟಿನಲ್ಲಿ ನೀರು ಏರಿತು. ಅಗಸಿ ಹೋಯಿತು, ಮತ್ತೆ ಕಂಡಿಲ್ಲ. ಬೇರೆ ಕಾಲಕ್ಕೆ ಹೋಗಲು ಹಾದಿಯಿಲ್ಲದೆ ಬಸಂತರಾಯ ಬಾಗೇವಾಡಿಯಲ್ಲೇ ಉಳಿದ. ಪೇಟೆಯ ಹಿಂದೆ ಕಿಟಕಿ ಇಲ್ಲದ ಒಂದು ಕೋಣೆ ಬಾಡಿಗೆಗೆ ಹಿಡಿದಿದ್ದಾನೆ. ಆರೂ ಐವತ್ತಕ್ಕೆ ಬರುತ್ತಾನೆ. ಈಗ ಅವರು ರಕ್ತದ ಮಾತು ಕಡಿಮೆ ಮಾಡಿದ್ದಾರೆ.

"ನಗುವಾಗ ಎಡಗೈ ಬಾಯಿಗೆ ಅಡ್ಡ ಹಿಡಕೋತಿದ್ಲಲ್ರಿ ಅವ್ವ?" ಇವಳು ಕೇಳುತ್ತಾಳೆ.

"ಹೌದ್ರಿ. ಹಲ್ಲ ಒಂದ ಮುರದಿತ್ತು, ಅದಕ್ಕ."

"ಹೌದಲ್ಲ! ನಾ ಮರತಿದ್ದೆ."

ನಾನು ಪಕ್ಕದಲ್ಲಿ ಚುರುಮುರಿ ಹಿಡಿದು ಕೂತಿರುತ್ತೇನೆ. ಸಾವಂತ್ರವ್ವನ ಮುಖ ಕಂಡವರು ಈ ಊರಲ್ಲಿ ಇಬ್ಬರೇ. ನಾನು ಅವಳ ಅಳಿಯ, ನನಗೆ ಆ ಮಚ್ಚೆ ಹಣೆಯ ಯಾವ ಬದಿಗಿತ್ತು ಎಂಬುದೂ ಗೊತ್ತಿಲ್ಲ. ಒಮ್ಮೆ ಕೇಳಿದೆ. ಇಬ್ಬರೂ ಒಟ್ಟಿಗೆ ತಮ್ಮ ತಮ್ಮ ಹಣೆಯ ಬಲಕ್ಕೆ ಬೆರಳಿಟ್ಟು ತೋರಿಸಿದರು, ಒಟ್ಟಿಗೇ ನಕ್ಕರು. ಆ ರಾತ್ರಿ ನನಗೆ ಊಟ ಸೇರಲಿಲ್ಲ.

ಎಂಟಕ್ಕೆ ಅವನು ಏಳುತ್ತಾನೆ. ಪಟಗಾ ಸರಿ ಇದೆಯೇ ಎಂದು ಕೇಳುತ್ತಾನೆ, ಇವಳು ನೋಡಿ ಹೇಳುತ್ತಾಳೆ. ಕೆಂಪು ದಾರದ ಛತ್ರಿ ತಗೊಂಡು ಹೊಸ್ತಿಲ ಮೇಲೆ ನಿಲ್ಲುತ್ತಾನೆ.

"ಬರ್ತೇನ್ರಿ."

"ಹೋಗಿ," ಅನ್ನುತ್ತೇನೆ ನಾನು.

ಅಲ್ಲಿ ನಿಲ್ಲಿಸುತ್ತೇನೆ. ಬೇಕೆಂದೇ, ಒಂದು ಬಸ್ಸು ನಿಂತು ಜನ ಇಳಿಸಿ ಹೊರಡುವಷ್ಟು ಹೊತ್ತು. ಅವನು ಕಾಯುತ್ತಾನೆ. ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಲ್ಲುತ್ತದೆ, ಭುವನೇಶ್ವರಿ ಬಾಗಿಲಿಗೆ ಬಂದು ನನ್ನನ್ನು ನೋಡುತ್ತಾಳೆ. ಇಡೀ ದಿನದಲ್ಲಿ ಅವಳು ನನ್ನೊಬ್ಬನನ್ನೇ, ಉಸಿರು ಬಿಗಿಹಿಡಿದು ನೋಡುವ ಹೊತ್ತು ಅದೊಂದೇ. ಕಣ್ತುಂಬ ನೋಡಿಸಿಕೊಳ್ಳುತ್ತೇನೆ.

ಆಮೇಲೆ ಅನ್ನುತ್ತೇನೆ: "ಬರ್ರಿ."